ಎಂಬತ್ತೈದು ಕಿಲೋ

"ನೂರ ಮೂವತ್ತೆರಡು," ಎಂದು ಪೌಲಿಯಾಸಿ ಗಟ್ಟಿಯಾಗಿ ಕೂಗಿದರೂ ಪಾದ್ರಿ ಸೆಮಿಸಿಯವರು ತಕ್ಕಡಿಯ ಹಲಗೆಯಿಂದ ಇಳಿಯಲಿಲ್ಲ.

"ಇನ್ನೊಂದ್ಸಲ ನೋಡಪ್ಪ. ಕೈಯಲ್ಲಿ ಬೈಬಲ್ ಇದೆ."

"ಬೈಬಲ್ ಕೆಳಗಿಟ್ರೂ ನೂರ ಮೂವತ್ತೊಂದೇ, ಪಾದ್ರಿಗಳೇ. ಹೋದ ವರ್ಷದ ಸಮ್ಮೇಳನಕ್ಕೆ ಹೋಗುವಾಗ ನೂರಿಪ್ಪತ್ತಿದ್ರಿ."

"ಅವತ್ತು ಉಪವಾಸ ಇದ್ದೆ ಕಣೋ."

"ದೇವರಿಗೆ ಗೊತ್ತು, ನಿಮ್ಮ ಹೆಂಡ್ತಿಗೂ ಗೊತ್ತು," ಎಂದು ಯಾರೋ ಹಿಂದಿನಿಂದ ಹೇಳಿದರು. ತೆಂಗಿನ ನೆರಳಲ್ಲಿ ಕುಳಿತಿದ್ದವರೆಲ್ಲ ನಕ್ಕರು. ಪಾದ್ರಿಗಳೂ ನಕ್ಕು ಹಲಗೆಯಿಂದ ಇಳಿದರು. ತಕ್ಕಡಿಯ ಮುಳ್ಳು ನಡುಗುತ್ತ ಸೊನ್ನೆಗೆ ಬಂದು ನಿಂತಿತು.

ಅದು ಕೊಬ್ಬರಿ ತೂಗುತ್ತಿದ್ದ ಹಳೆಯ ತಕ್ಕಡಿ. ನಿಯುವಾ ದ್ವೀಪಕ್ಕೆ ವಿಮಾನ ಬರುತ್ತದೆಂದಾಗ ಮೂರೂ ಊರಿನವರು ಒಂದು ಮಳೆಗಾಲ ಪೂರ್ತಿ ಹವಳದ ಕಲ್ಲು ಕುಟ್ಟಿ ನೆಲ ಸಮ ಮಾಡಿದ್ದರು. ಬಾಲದ ಮೇಲೆ ಕಿರೀಟದ ಚಿತ್ರವಿದ್ದ ಮೊದಲ ವಿಮಾನ ಇಳಿದ ದಿನ ಮುದುಕಿಯರು ಚಾಪೆ ಹಾಸಿ ಅದರ ಚಕ್ರದ ಕೆಳಗೆ ಹೂ ಚೆಲ್ಲಿದ್ದರು. ಕೊಬ್ಬರಿ ಮಂಡಳಿ ಆಗಲೇ ಮುಚ್ಚಿತ್ತು. ಅಲ್ಲಿ ಗುಮಾಸ್ತನಾಗಿದ್ದ ಪೌಲಿಯಾಸಿಯನ್ನೂ ಅವನ ತಕ್ಕಡಿಯನ್ನೂ ವಿಮಾನ ಕಂಪನಿ ಒಟ್ಟಿಗೇ ತೆಗೆದುಕೊಂಡಿತು. ಆಮೇಲೆ ಕಂಪನಿ ಮುಳುಗಿ ಇನ್ನೊಂದು ಬಂತು, ಅದೂ ಹೋಗಿ ಮತ್ತೊಂದು ಬಂತು. ಅವನ ಟೋಪಿಯ ಬಣ್ಣ ಎರಡು ಸಲ ಬದಲಾಯಿತು. ಟಿಕೆಟ್ ಹರಿಯುವವನು, ಚೀಲ ಹೊರುವವನು, ರೇಡಿಯೋದಲ್ಲಿ ಮಾತಾಡುವವನು, ರನ್‌ವೇಯಿಂದ ಹಂದಿ ಓಡಿಸುವವನು, ಎಲ್ಲವೂ ಅವನೇ. ಮಂಗಳವಾರಕ್ಕೊಮ್ಮೆ ವಿಮಾನ. ಸಣ್ಣ ವಿಮಾನ, ಗಿಡ್ಡ ರನ್‌ವೇ. ಒಬ್ಬೊಬ್ಬರನ್ನೂ ತೂಗಿ ಬರೆಯದೆ ಏರಿಸುವಂತಿರಲಿಲ್ಲ.

ಬರೆಯುವುದರಲ್ಲಿ ಒಂದು ಸಂಗತಿಯಿತ್ತು. ಅಕ್ಕತಂಗಿಯರ ಮೈಯ ಮಾತು ಗಂಡಸಿನ ಬಾಯಲ್ಲಿ ಬರಬಾರದು. ಎದುರಾದರೆ ಅವನ ಕಣ್ಣು ನೆಲ ನೋಡಬೇಕು. ಅಂಥವರನ್ನು ಹಲಗೆಯ ಮೇಲೆ ನಿಲ್ಲಿಸಿ ಮುಳ್ಳು ನೋಡಿ ಕೂಗುವುದು ಹೇಗೆ? ದೊಡ್ಡಪ್ಪ ಚಿಕ್ಕಪ್ಪಂದಿರ, ಅತ್ತೆ ಮಾವಂದಿರ ಮಕ್ಕಳೂ ಅಕ್ಕತಂಗಿಯರೇ ಆದ್ದರಿಂದ ದ್ವೀಪದ ಅರ್ಧ ಹೆಂಗಸರು ಪೌಲಿಯಾಸಿಗೆ ಆ ಲೆಕ್ಕದಲ್ಲಿ ಬರುತ್ತಿದ್ದರು. ಅವರು ಬಂದರೆ ಅವನು ತಲೆ ತಗ್ಗಿಸಿ ಎಂಬತ್ತು ಎಂದು ಬರೆಯುತ್ತಿದ್ದ. ಸ್ವಂತ ಅಕ್ಕ ಲುಸೇನಿಗೆ ಗೌರವಕ್ಕೆಂದು ಐದು ಹೆಚ್ಚು. ಹಿಂದೆ ನ್ಯೂಜಿಲೆಂಡಿನ ಪೈಲಟ್ಟೊಬ್ಬ ಪಟ್ಟಿ ನೋಡಿ, "ಈ ಊರಿನ ಹೆಂಗಸ್ರನ್ನೆಲ್ಲ ಒಂದೇ ಅಚ್ಚಲ್ಲಿ ಎರಕ ಹೊಯ್ದಿದಾರಾ?" ಎಂದು ಕೇಳಿದ್ದ. ಈಗಿನ ಕ್ಯಾಪ್ಟನ್ ಫೋಟು ಇಲ್ಲಿಯವನೇ. ಅವನು ಏನೂ ಕೇಳುತ್ತಿರಲಿಲ್ಲ.

ಹೆಂಡತಿ ಸೆಪಿಯುತಾ ಒಮ್ಮೆ ಹೇಳಿದ್ದಳು. "ಹೆಂಗಸರ ತೂಕ ನಾನು ನೋಡಿ ಹೇಳ್ತೀನಿ, ನೀನು ಬರ್ಕೋ."

"ಟೋಪಿ ನಂದೋ ನಿಂದೋ?" ಎಂದು ಅವನು ಕೇಳಿದ್ದ. ಮಾತು ಅಲ್ಲಿಗೇ ನಿಂತಿತ್ತು.

ಇಂದು ಲುಸೇನಿ ರಾಜಧಾನಿಯ ದೊಡ್ಡ ಆಸ್ಪತ್ರೆಗೆ ಹೊರಟಿದ್ದಳು. ದವಾಖಾನೆಯ ನರ್ಸು ಚೀಟಿ ಬರೆದುಕೊಟ್ಟಿದ್ದಳು. ಜೊತೆಗೆ ಹೋಗುವವಳು ಹನ್ನೊಂದು ವರ್ಷದ ಮಗಳು ಅನಸೇನಿ. ಲುಸೇನಿಯ ಗಂಡ ಸತ್ತು ಆರು ವರ್ಷ. ತಾಯಿ ಮಗಳು ಒಂದು ರಾತ್ರಿಯೂ ಬೇರೆ ಮಲಗಿದವರಲ್ಲ. ತೂಕದ ಹೊತ್ತಿಗೆ ಲುಸೇನಿ ಕಪ್ಪು ಉಡುಪಿನ ಮೇಲೆ ಊರಿನ ಮರ್ಯಾದೆಯಂತೆ ಸೊಂಟಕ್ಕೆ ಚಾಪೆ, ಅದೂ ಎರಡು, ಸುತ್ತಿಕೊಂಡು ಸೆಪಿಯುತಾಳ ತೋಳಿಗೆ ಒರಗಿ ಬಂದಳು. ಪೌಲಿಯಾಸಿಗೆ ಕಂಡದ್ದು ಚಾಪೆಯ ಅಂಚು, ರಬ್ಬರ್ ಚಪ್ಪಲಿಯ ಎರಡು ಪಾದ. ಪಾದಗಳು ತಕ್ಕಡಿಯ ಪಕ್ಕದಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋದವು. ಎಂಬತ್ತೈದು ಎಂದು ಬರೆದ.

ಅನಸೇನಿ ಹಲಗೆಯ ಮೇಲೆ ಹಾರಿ ನಿಂತಳು. "ಎಷ್ಟು ಮಾವ? ಗಟ್ಟಿಯಾಗಿ ಹೇಳು!"

"ಮೂವತ್ತೊಂದು! ಪಾದ್ರಿಗಳ ಒಂದು ಕಾಲು!"

ಫೋಟು ರೆಕ್ಕೆಯ ನೆರಳಲ್ಲಿ ನಿಂತು ಪಟ್ಟಿ ಕೂಡಿದ. "ಜಾಸ್ತಿ ಆಯ್ತಣ್ಣ. ವಿಮಾನ ಎತ್ತೋಕೆ ಎದುರುಗಾಳಿ ಬೇರೆ ಇಲ್ಲ ಇವತ್ತು. ಅರವತ್ತು ಕಿಲೋ ಇಳಿಸ್ಬೇಕು."

ಗೆಣಸಿನ ಬುಟ್ಟಿ ಎರಡು ಇಳಿದವು. ಸಮ್ಮೇಳನಕ್ಕೆಂದು ಬೇಯಿಸಿದ ಹಂದಿಯೂ ಇಳಿಯಿತು. ಪಾದ್ರಿಗಳು ಅದನ್ನು ಮಗುವನ್ನು ಬೀಳ್ಕೊಡುವಂತೆ ನೋಡಿದರು.

"ಇನ್ನೂ ಮೂವತ್ತು," ಎಂದ ಫೋಟು. "ಪಟ್ಟಿ ಸರಿಯಾಗಿದೆ ತಾನೆ?"

"ಸರಿಯಾಗಿದೆ."

ಉಳಿದದ್ದು ಮನುಷ್ಯರು. ಪಾದ್ರಿಗಳಿಗೆ ಸಮ್ಮೇಳನ, ಮೇಷ್ಟ್ರಿಗೆ ಪರೀಕ್ಷೆಯ ಕಾಗದ, ಬಸುರಿಯೊಬ್ಬಳಿಗೆ ದಿನ ತುಂಬಿತ್ತು. ಪೌಲಿಯಾಸಿ ಪಟ್ಟಿಯ ಮೇಲೆ ಪೆನ್ಸಿಲ್ ಆಡಿಸಿ ಮೂವತ್ತೊಂದರ ಹತ್ತಿರ ನಿಲ್ಲಿಸಿದ. ತನ್ನವರನ್ನೇ ಇಳಿಸಿದರೆ ಯಾರೂ ಬಾಯಿ ತೆರೆಯಲಾರರು ಎಂಬುದೂ ಅವನ ಮನಸ್ಸಿನಲ್ಲಿತ್ತು.

"ಅನಸೇನಿ, ಮುಂದಿನ ಮಂಗಳವಾರ ಹೋಗುವಿಯಂತೆ. ಅಮ್ಮನಿಗೆ ಹೇಳಿ ಬಾ."

ಹುಡುಗಿ ವಿಮಾನದ ಮೆಟ್ಟಿಲು ಹತ್ತಿ, ಆಗಲೇ ಒಳಗೆ ಕೂತಿದ್ದ ಅಮ್ಮನ ಬಳಿ ಹೋದಳು. ಸ್ವಲ್ಪ ಹೊತ್ತಿಗೆ ತನ್ನ ಬಟ್ಟೆಯ ಗಂಟು ಹಿಡಿದು ಇಳಿದಳು. ಅಳಲಿಲ್ಲ. ಬಾಗಿಲು ಮುಚ್ಚಿತು. ವಿಮಾನ ಧೂಳೆಬ್ಬಿಸುತ್ತ ರನ್‌ವೇಯ ಆ ತುದಿಗೆ ಉರುಳಿತು.

ಸೆಪಿಯುತಾ ಶೆಡ್ಡಿನೊಳಕ್ಕೆ ಬಂದಾಗ ಪೌಲಿಯಾಸಿ ರೇಡಿಯೋದ ಮುಂದೆ ಕೂತಿದ್ದ.

"ಮಗೂನ ಯಾಕೆ ಇಳಿಸ್ದೆ?"

"ತೂಕ."

"ಅತ್ತಿಗೇಗೆ ಎಷ್ಟು ಬರ್ದೆ?"

"ಯಾವಾಗ್ಲೂ ಬರೆಯೋದೇ. ಎಂಬತ್ತೈದು."

ಸೆಪಿಯುತಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅಯ್ಯೋ ನಿನ್ನ. ಬೆಳಿಗ್ಗೆ ನಾನೇ ಸ್ನಾನ ಮಾಡಿಸ್ದೆ ಅವರಿಗೆ. ಬಚ್ಚಲಿಂದ ನಡೆಯೋಕಾಗ್ದೆ ಎತ್ಕೊಂಡು ಬಂದು ಕೂರಿಸ್ದೆ. ನಾನು! ಒಬ್ಳೇ! ಐವತ್ತೂ ಇಲ್ಲ ಅವರು. ಸೊಂಟದಲ್ಲಿ ಒಂದು ಚಾಪೆ ನಿಲ್ಲಲ್ಲ ಅಂತ ಎರಡು ಸುತ್ತಿದ್ದು."

ಪೌಲಿಯಾಸಿ ಕಿಟಕಿಯಾಚೆ ನೋಡಿದ. ವಿಮಾನ ತುದಿಯಲ್ಲಿ ತಿರುಗುತ್ತಿತ್ತು.

"ಹೇಳು ಅವನಿಗೆ. ವಾಪಸ್ ಬರ್ಲಿ. ಮಗು ಓಡ್ತಾಳೆ, ಎರಡು ನಿಮಿಷ."

ಅವನು ಗುಂಡಿ ಒತ್ತಿದ. ರೇಡಿಯೋದ ಮಾತನ್ನೆಲ್ಲ ಹೊರಗೆ ಕೇಳಿಸುವಂತೆ ಶೆಡ್ಡಿನ ಆಚೆ ಕಂಬಕ್ಕೆ ಕಟ್ಟಿದ್ದ ಧ್ವನಿವರ್ಧಕ ಗೊರಗುಟ್ಟಿತು. ಅಲ್ಲಿ ಮೂವತ್ತು ನಲವತ್ತು ಜನ ಇನ್ನೂ ನಿಂತಿದ್ದರು: ಅಣ್ಣತಮ್ಮಂದಿರು, ಅಕ್ಕತಂಗಿಯರು, ಒಬ್ಬರಿಗೊಬ್ಬರು ಬೆನ್ನು ಮಾಡಿಕೊಂಡು. ವವಾಉ ದ್ವೀಪದ ವಿಮಾನ ನಿಯಂತ್ರಣ ಗೋಪುರದಲ್ಲೂ ಕೇಳುತ್ತದೆ. ನನ್ನಕ್ಕನ ತೂಕ ತಪ್ಪು ಬರೆದೆ ಎನ್ನಬೇಕು. ಎಷ್ಟು ಎಂದು ಫೋಟು ಕೇಳುತ್ತಾನೆ. ಐವತ್ತು ಎನ್ನಬೇಕು. ಎಂಬತ್ತೈದು ಹೇಗೆ ಐವತ್ತಾಯಿತು ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎಲ್ಲರೂ ಅವಳ ಮೈಯನ್ನು ಮನಸ್ಸಿನಲ್ಲಿ ಕಾಣುತ್ತಾರೆ.

"ನಿಯುವಾ, ಹೇಳಿ," ಎಂದ ಫೋಟು. "ಏನಾಯ್ತು?"

ಸೆಪಿಯುತಾ ಹೊರಗೆ ಗಂಟು ಹಿಡಿದು ನಿಂತಿದ್ದ ಅನಸೇನಿಯ ಕಡೆ ಕೈ ತೋರಿಸಿದಳು.

"ರನ್‌ವೇಲಿ ಹಂದಿ ಇಲ್ಲ," ಎಂದ ಪೌಲಿಯಾಸಿ. "ಹೊರಡಿ."

ಮುಂದಿನ ಮಂಗಳವಾರ ವಿಮಾನ ಬರಲಿಲ್ಲ. ಇರುವುದೊಂದು ವಿಮಾನ, ಎಂಜಿನ್ನಿನ ಯಾವುದೋ ಭಾಗ ಆಕ್ಲೆಂಡಿನಿಂದ ಬರಬೇಕಿತ್ತು. ಅದರ ಮುಂದಿನ ಮಂಗಳವಾರವೂ ಬರಲಿಲ್ಲ. ಅನಸೇನಿ ಎರಡೂ ದಿನ ಗಂಟು ಹಿಡಿದು ಶೆಡ್ಡಿಗೆ ಬಂದು ಕೂತು, ಮಧ್ಯಾಹ್ನ ಎದ್ದು ಹೋದಳು. ಅವಳೀಗ ಮಾವನ ಮನೆಯಲ್ಲೇ ಇದ್ದಳು. ಇಲ್ಲಿನ ಪದ್ಧತಿಯಲ್ಲಿ ಅಕ್ಕನ ಮಗಳೆಂದರೆ ಸೋದರಮಾವನಿಗಿಂತ ಮೇಲು. ಅವನ ಮನೆಯಿಂದ ಹಂದಿಯನ್ನೋ ಚಾಪೆಯನ್ನೋ ಕೇಳದೆ ಎತ್ತಿಕೊಂಡು ಹೋಗಬಹುದು. ಅನಸೇನಿ ಒಂದು ಬಾಳೆಹಣ್ಣಿಗೂ ಕೇಳುತ್ತಿದ್ದಳು. ಆಮೇಲೆ ಅದನ್ನೂ ಕೇಳುವುದನ್ನು ಬಿಟ್ಟಳು.

ಸಂಜೆ ಹೊತ್ತು ಹಂದಿ ಅಟ್ಟಲು ಹೋದಾಗ ಅವಳು ಒಬ್ಬಳೇ ತಕ್ಕಡಿಯ ಮೇಲೆ ನಿಂತಿರುವುದನ್ನು ಪೌಲಿಯಾಸಿ ಎರಡು ಮೂರು ಸಲ ದೂರದಿಂದ ನೋಡಿದ. ಇಳಿಯುತ್ತಿದ್ದಳು, ಮತ್ತೆ ಹತ್ತುತ್ತಿದ್ದಳು. ಮಕ್ಕಳಿಗೆ ಯಾವುದಾದರೇನು ಆಟವೇ ಎಂದುಕೊಂಡ.

ರಾಜಧಾನಿಯಲ್ಲಿದ್ದ ದೂರದ ನೆಂಟಳೊಬ್ಬಳು ಎರಡು ಸಲ ಫೋನ್ ಮಾಡಿದಳು. ಮೊದಲ ಸಲ, "ವಾರ್ಡಲ್ಲಿ ಮಲಗಿಸಿದಾರೆ. ಪ್ರತಿ ದಿನ ವಿಮಾನ ಬಂತಾ, ವಿಮಾನ ಬಂತಾ ಅಂತ ನರ್ಸನ್ನ ಕೇಳ್ತಾಳಂತೆ," ಎಂದಳು. ಎರಡನೆಯ ಸಲ ಭಾನುವಾರ ಮಾಡಿದಳು. ಭಾನುವಾರ ದೇವರ ದಿನ, ದೇಶದಲ್ಲಿ ಎಲೆಯೂ ಅಲುಗುವುದಿಲ್ಲ, ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಪೌಲಿಯಾಸಿಗೆ ತಿಳಿಯಿತು.

ಆ ಮಂಗಳವಾರ ವಿಮಾನ ಸರಿಯಾದ ಹೊತ್ತಿಗೆ ಇಳಿಯಿತು. ಶವಪೆಟ್ಟಿಗೆಗೆ ಜಾಗ ಮಾಡಲು ಹಿಂದಿನ ಸೀಟುಗಳನ್ನು ಕಳಚಿದ್ದರು. ಫೋಟು ಟೋಪಿ ತೆಗೆದು ಸರಕಿನ ಕಾಗದ ಚಾಚಿದ. ಅದರಲ್ಲಿ ತೂಕ ಬರೆದಿದ್ದ ಜಾಗವನ್ನು ಪೌಲಿಯಾಸಿ ಹೆಬ್ಬೆರಳಿನಿಂದ ಮುಚ್ಚಿಕೊಂಡೇ ಸಹಿ ಹಾಕಿದ. ಹೊರಲು ಆರು ಜನ ಬಂದಿದ್ದರು. ಅವನು ಹೆಗಲು ಕೊಡುವಂತಿರಲಿಲ್ಲ. ತಮ್ಮನಾದವನು ದೂರವೇ ನಿಲ್ಲಬೇಕು.

ಸಾವಿನ ಮನೆಯಲ್ಲಿ ಅವನ ಜಾಗ ಹಿತ್ತಲು. ಸೊಂಟಕ್ಕೆ ಹರಕು ಚಾಪೆ ಕಟ್ಟಿಕೊಂಡು ನೆಲದಲ್ಲಿ ಗುಂಡಿ ತೋಡಿದ ಒಲೆಗೆ ಕಲ್ಲು ಕಾಯಿಸುತ್ತ, ಹಂದಿ ಕೊಯ್ಯುತ್ತ, ಹೊಗೆಗೆ ಕಣ್ಣುಜ್ಜುತ್ತ ಅವನು ಅಲ್ಲೇ ಇದ್ದ. ಅನಸೇನಿ ಒಳಗೆ ಶವದ ತಲೆಯ ಬಳಿ, ಹೊಸ ಚಾಪೆಗಳ ರಾಶಿಯ ಮೇಲೆ ಕೂತಿದ್ದಳು. ಬಂದವರೆಲ್ಲ ಅವಳ ಮುಂದೆ ಬಗ್ಗಿ ಹೋಗುತ್ತಿದ್ದರು.

ಮಧ್ಯಾಹ್ನ ಒಲೆಯ ಮೇಲೆ ಮುಚ್ಚಿದ್ದ ಮಣ್ಣು ಸರಿಸಿ, ಎಲೆಯಲ್ಲಿ ಕಟ್ಟಿ ಬೇಯಿಸಿದ ಅಡಿಗೆಯ ಮೊದಲ ಪೊಟ್ಟಣಗಳನ್ನು ತೆಗೆಯುವ ಹೊತ್ತಿಗೆ ಸೆಪಿಯುತಾ ಬಂದಳು. "ಮಗು ಏನೂ ಮುಟ್ತಿಲ್ಲ. ಇವತ್ತು ಅಂತಲ್ಲ. ತಟ್ಟೇಲಿ ಹಾಕಿದ್ನ ಹಂದಿಮರಿಗೆ ಹಾಕ್ತಿದ್ಲು ಇಷ್ಟು ದಿನ. ನಾನು ನಿನ್ನೆ ನೋಡ್ದೆ."

ಅವಳ ಹಿಂದೆಯೇ ಅನಸೇನಿ ಹಿತ್ತಲಿಗೆ ಇಳಿದು ಬಂದಳು. ಮೇಲಿನವಳು ಒಲೆಯ ಬಳಿ ಬರುವುದೇ? ಕಟ್ಟಿಗೆ ಒಡೆಯುತ್ತಿದ್ದವರು ಕೈ ನಿಲ್ಲಿಸಿದರು. ಸೆಪಿಯುತಾ ಅವರಿಗೆ ಕಣ್ಣು ಸನ್ನೆ ಮಾಡಿ ಆಚೆ ಕರೆದುಕೊಂಡು ಹೋದಳು.

"ಮಾವ," ಎಂದಳು ಹುಡುಗಿ. "ನಾನೀಗ ಇಪ್ಪತ್ತೇಳು."

ಅವನಿಗೆ ಅರ್ಥವಾಗಲಿಲ್ಲ. "ಏನಮ್ಮ?"

"ತೂಕ. ಅವತ್ತು ಮೂವತ್ತೊಂದಿದ್ದೆ. ಇಪ್ಪತ್ತೇಳು ಇದ್ದಿದ್ರೆ ಕರ್ಕೊಂಡು ಹೋಗ್ತಿದ್ರಾ?"

ಪೌಲಿಯಾಸಿಯ ಕೈಯಲ್ಲಿದ್ದ ಪೊಟ್ಟಣ ಸುಡುತ್ತಿತ್ತು. ಅದನ್ನು ಕೆಳಗಿಡುವುದು ಅವನಿಗೆ ತೋಚಲಿಲ್ಲ. ಕಪ್ಪು ಉಡುಪು ಅವಳ ಹೆಗಲ ಮೇಲೆ ಗೂಟಕ್ಕೆ ನೇತುಹಾಕಿದ ಹಾಗಿತ್ತು.

"ನಿನ್ನ ತೂಕ ಸರಿಯಾಗಿತ್ತು, ಮಗಳೇ. ಕಾಗದದಲ್ಲಿ ತಪ್ಪಿತ್ತು."

"ಯಾರದ್ದು?"

ಒಳಗೆ ಹೆಂಗಸರು ಹೊಸ ಕೀರ್ತನೆ ಎತ್ತಿಕೊಂಡರು. ಅವನು ಮನೆಯ ಕಡೆ ನೋಡಿದ, ಮತ್ತೆ ಹುಡುಗಿಯ ಕಡೆ ನೋಡಿದ.

"ನಿಮ್ಮಮ್ಮಂದು. ಜಾಸ್ತಿ ಬರೆದಿದ್ದೆ. ಸರಿಯಾಗಿ ಬರೆದಿದ್ರೆ ನೀನೂ ಹೋಗ್ಬಹುದಿತ್ತು. ಗೊತ್ತಾದ ಮೇಲೂ... ವಿಮಾನ ಇನ್ನೂ ನೆಲದ ಮೇಲೇ ಇತ್ತು. ನಾನು ಹೇಳ್ಲಿಲ್ಲ."

ಯಾಕೆ ಎಂದು ಅವಳು ಕೇಳಲಿಲ್ಲ. ಈ ದ್ವೀಪದಲ್ಲಿ ಹುಟ್ಟಿದ ಮಗುವಿಗೆ ಅದು ಗೊತ್ತಿರುತ್ತದೆ. ಅವಳು ಕೇಳಿದ್ದು ಬೇರೆ:

"ಮತ್ತೆ ಅಮ್ಮ ನಿಜವಾಗ್ಲೂ ಎಷ್ಟಿದ್ಲು?"

"ನಂಗೆ ಗೊತ್ತಿಲ್ಲ."

ಅವಳು ಒಲೆಯ ಅಂಚಿನಲ್ಲಿದ್ದ ಮರದ ತುಂಡಿನ ಮೇಲೆ ಕೂತಳು. ಪೌಲಿಯಾಸಿ ಬಾಳೆ ಎಲೆ ಹಾಸಿ, ಅದರ ಮೇಲೆ ಪೊಟ್ಟಣ ಬಿಚ್ಚಿದ. ಕೆಸುವಿನ ಎಲೆಯೊಳಗೆ ತೆಂಗಿನ ಹಾಲಲ್ಲಿ ಬೆಂದ ಮಾಂಸ. ಹಬೆ ಇಬ್ಬರ ನಡುವೆ ಎದ್ದಿತು. ಒಂದು ಗೆಣಸು ಸುಲಿದು ಪಕ್ಕದಲ್ಲಿಟ್ಟ. ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ಇದ್ದಳು.

ನೊಣಗಳು ಬಂದವು. ಅವನು ತೆಂಗಿನ ಗರಿಯೊಂದನ್ನು ಮುರಿದುಕೊಂಡು ಅವಳ ಎದುರು ನೆಲದ ಮೇಲೆ ಕಾಲು ಮಡಿಸಿ ಕೂತು, ದೊರೆಗಳ ಊಟದ ಮುಂದೆ ಬೀಸುವ ಹಾಗೆ ಮೆಲ್ಲಗೆ ಬೀಸತೊಡಗಿದ. ಹಬೆ ತೆಳುವಾಯಿತು. ತೆಂಗಿನ ಹಾಲು ಅಂಚಿನಿಂದ ಕೆನೆಗಟ್ಟತೊಡಗಿತು. ಅವನು ಬೀಸುತ್ತಲೇ ಇದ್ದ.