ಹನ್ನೆರಡು ದಿನ ತಡವಾಗಿ ಹುಟ್ಟಿದವಳು

ಹಂಗಳದಲ್ಲಿ ಊಟಿ ರಸ್ತೆಯ ಮಗ್ಗುಲಿಗೆ ಇಡ್ಲಿ ಹೋಟೆಲು ನಡೆಸುವ ಸುಧಾಮಣಿಗೆ ಆ ಬೆಳಿಗ್ಗೆ ಆದಷ್ಟು ಹೊಟ್ಟೆಯುರಿ ಹುಟ್ಟಿದಾಗಿನಿಂದ ಆಗಿರಲಿಲ್ಲ. ಚಾಮರಾಜನಗರದಿಂದ ತಂಗಿ ಶಶಿರೇಖಾ ಫೋನು ಮಾಡಿ, "ಪಾಸ್‌ಪೋರ್ಟ್ ಬಂದ್ಬುಡ್ತು ಕಣಕ್ಕ" ಎಂದಿದ್ದಳು. ಒಂದೇ ದಿನ, ಒಂದೇ ಬಸ್ಸಿನಲ್ಲಿ ಹೋಗಿ ಇಬ್ಬರೂ ಅರ್ಜಿ ಕೊಟ್ಟಿದ್ದರು. ಸುಧಾಮಣಿಗೆ ಬಂದದ್ದು ಬರೀ ಕಾಗದ: ನೀವು ಭಾರತದ ಪ್ರಜೆ ಎನ್ನುವುದಕ್ಕೆ ಆಧಾರವಿಲ್ಲ.

"ಒಳ್ಳೇದಾಯ್ತು ಬುಡು" ಎಂದು ಫೋನಿಟ್ಟವಳು ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದಳು. ಗಂಡ ಮಹಾಲಿಂಗ ಗಿರಾಕಿಗಳ ಕೈಲಿ ಮಾತು ಕೇಳಬೇಕಾಯಿತು. ಅದಕ್ಕೂ ಅವಳು ಶಶಿಯನ್ನೇ ಮನಸ್ಸಿನಲ್ಲಿ ಬೈದುಕೊಂಡಳು.

ಅವರಿಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಲಂಕೆಯಲ್ಲಿ ಗಲಭೆಯಾದಾಗ ದೋಣಿ ಹತ್ತಿ ಬಂದ ಆ ಎರಡು ತಮಿಳು ಸಂಸಾರಗಳು ಚಾಮರಾಜನಗರದ ಕರಿಕಲ್ಲು ಕ್ವಾರಿಯಲ್ಲಿ ಕೂಲಿಗೆ ನಿಂತಿದ್ದವು. ಅಲ್ಲಿಯ ಒಂದೇ ಶೆಡ್ಡಿನಲ್ಲಿ, ಒಬ್ಬಳೇ ಸೂಲಗಿತ್ತಿಯ ಕೈಯಲ್ಲಿ, ಎಂಟು ದಿನದ ಅಂತರದಲ್ಲಿ ಇಬ್ಬರೂ ಹುಟ್ಟಿದರು. ಸುಧಾಮಣಿ ಎಂಟು ದಿನಕ್ಕೆ ಅಕ್ಕ. ಶಶಿಯ ತಾಯಿ ಬೇಗ ತೀರಿಕೊಂಡದ್ದರಿಂದ ಸುಧಾಮಣಿಯ ಅಮ್ಮನೇ ಇಬ್ಬರನ್ನೂ ಸಾಕಿದಳು. ಶಶಿ ಅವಳನ್ನು ಕರೆಯುತ್ತಿದ್ದದ್ದು ಪೆರಿಯಮ್ಮ, ಅಂದರೆ ದೊಡ್ಡಮ್ಮ, ಎಂದು. ಕರೆಯುವುದಕ್ಕಷ್ಟೇ ದೊಡ್ಡಮ್ಮ. ತಾಯಿಲ್ಲದ ಮಗು ಎಂದು ಮೀನಿನ ದೊಡ್ಡ ತುಂಡು ಶಶಿಗೆ, ಹಬ್ಬದ ಲಂಗ ಮೊದಲು ಶಶಿಗೆ, ಮಲಗುವಾಗ ಅಮ್ಮನ ಮಗ್ಗುಲೂ ಶಶಿಗೇ. ಈಗ ಅಮ್ಮನನ್ನು ನೋಡುವ ಭಾಗ್ಯವೂ ಅವಳಿಗೇ ಬಂತಲ್ಲ!

ಅಪ್ಪ ಸತ್ತ ಮೇಲೆ ಅಮ್ಮ ಲಂಕೆಯ ಮನ್ನಾರಿನ ತನ್ನ ಊರಿಗೆ ಮರಳಿ ಒಂಬತ್ತು ವರ್ಷವಾಗಿತ್ತು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ, ಕಿವಿಯೂ ಮಂದವಾಗಿ, ಈಗ ಹಾಸಿಗೆ ಹಿಡಿದಿದ್ದಳು. "ಬಂದೇ ಬರ್ತೀನಿ ಅಮ್ಮ" ಎಂದು ಸುಧಾಮಣಿ ಫೋನಿನಲ್ಲಿ ಕೂಗಿ ಕೂಗಿ ಮಾತು ಕೊಟ್ಟಿದ್ದಳು.

ಕಚೇರಿಯ ಗುಮಾಸ್ತ ಕೆಟ್ಟವನೇನಲ್ಲ, ಬಿಡಿಸಿ ಹೇಳಿದ್ದ. 1987ರ ಜುಲೈ ಒಂದಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದ್ದರೆ ಸಾಕಿತ್ತು, ಹೆತ್ತವರು ಎಲ್ಲಿಯವರೆಂದು ಕೇಳುತ್ತಿರಲಿಲ್ಲ. ಆಮೇಲೆ ಹುಟ್ಟಿದವರಿಗೆ ನೆಲವೊಂದೇ ಸಾಲದು, ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಇಲ್ಲಿಯ ಪ್ರಜೆಯಾಗಿರಬೇಕು. ಶಾಲೆಯ ದಾಖಲೆಯಲ್ಲಿ ಶಶಿ ಹುಟ್ಟಿದ್ದು ಅದೇ ವರ್ಷದ ಮೇ ಹನ್ನೆರಡು, ಸುಧಾಮಣಿ ಜುಲೈ ಹನ್ನೆರಡು. "ಹನ್ನೆರಡು ದಿನ ತಡವಾಯ್ತಲ್ಲಮ್ಮ" ಎಂದಿದ್ದ.

ಅಕ್ಕನಾಗಿ ಹುಟ್ಟಿದವಳು ಕಾಗದದಲ್ಲಿ ತಂಗಿ ಆದದ್ದು ಹೇಗೆ? ಅದನ್ನು ಕೇಳಲೆಂದೇ ಅವಳು ವಾರ ಕಳೆದು ಗುಂಡ್ಲುಪೇಟೆಯಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರು ಶಿವಮಲ್ಲು ಅವರ ಮನೆಗೆ ಹೋದಳು. ಇಬ್ಬರನ್ನೂ ಒಂದನೇ ಕ್ಲಾಸಿಗೆ ಸೇರಿಸಿಕೊಂಡವರು ಅವರೇ. ಟೀವಿಯಲ್ಲಿ ಅಮೆರಿಕದವರೂ, ತಮ್ಮ ನೆಲದಲ್ಲಿ ಹುಟ್ಟಿದವರೆಲ್ಲ ತಮ್ಮ ಪ್ರಜೆಗಳೇ ಎಂದು, ಇದೇ ಜಗಳ ಆಡುತ್ತಿದ್ದರು. ಅದನ್ನು ನೋಡುತ್ತ ಮೇಷ್ಟ್ರೂ ಹೆಂಡತಿ ಗಂಗಾಂಬಿಕೆಯೂ ತಮ್ಮದೊಂದು ಜಗಳ ಹೂಡಿದ್ದರು.

"ಗಡಿ ದಾಟ್ಬಂದು ಹೆತ್ತೋರ ಮಕ್ಳಿಗೆಲ್ಲ ಪೌರತ್ವ ಕೊಡ್ತಾ ಕೂತ್ರೆ ದೇಶ ಅನ್ನೋದು ಛತ್ರ ಆಯ್ತದೆ" ಎಂದರು ಮೇಷ್ಟ್ರು.

"ಹುಟ್ಟೋ ಮಗೀಗೆ ಗಡಿ ಗೊತ್ತಾ? ಇಲ್ಲಿ ನೀರು ಕುಡ್ದು, ಇಲ್ಲಿ ರಾಗಿ ಉಂಡು ಬೆಳ್ದದ್ದು ಇನ್ನೆಲ್ಲಿಗೆ ಓಗ್ಬೇಕು?" ಎಂದರು ಗಂಗಾಂಬಿಕೆ.

ಸುಧಾಮಣಿ ತನ್ನ ಕತೆ ಹೇಳಿದ ಮೇಲೆ ಮೇಷ್ಟ್ರು ಟೀವಿ ಆರಿಸಿದರು.

"ನಿಮ್ಮವ್ವಂಗೆ ತಾರೀಕು ಗೊತ್ತಿರ್ನಿಲ್ಲ ಕಣಮ್ಮಿ. ತಲೆ ಮ್ಯಾಲಿಂದ ಬಲಗೈ ತಂದು ಎಡಗಿವಿ ಮುಟ್ಟಿ ಅಂದೆ. ಶಶೀದು ಉದ್ದ ಕೈ, ಮುಟ್ಬುಡ್ತು. ನಿಂದು ಮುಟ್ನಿಲ್ಲ. ಎರಡು ತಿಂಗ್ಳು ಚಿಕ್ಕೋಳು ಅಂತ ಬರ್ಕೊಂಡೆ. ಆಗ ಎಲ್ರೂ ಅಂಗೇ ಮಾಡ್ತಿದ್ದೊ."

ಮೀನಿನ ದೊಡ್ಡ ತುಂಡು ತಿಂದವಳ ಕೈ ಉದ್ದ ಬೆಳೆಯದೆ ಇರುತ್ತದೆಯೇ? ಸುಧಾಮಣಿಗೆ ಮೈಯೆಲ್ಲ ಉರಿಯಿತು. "ಇದನ್ನೇ ಬರ್ಕೊಡಿ ಸಾ" ಎಂದಳು.

"ಬರ್ಕೊಡ್ತೀನಿ. ಆದ್ರೆ ನಿಂದು ಅಂದಾಜು ಅಂದ್ರೆ ಅವ್ಳದೂ ಅಂದಾಜೇ. ಇದ್ರಿಂದ ನಿಂಗೆ ಪಾಸ್‌ಪೋರ್ಟ್ ಸಿಕ್ಕಾಕಿಲ್ಲ, ಕೋರ್ಟು ಅಂತ ವರ್ಸಗಟ್ಲೆ ಅಲೀಬೇಕು. ಅವ್ಳದು ಮಾತ್ರ ಓಗ್ಬುಡ್ತದೆ, ನೋಡ್ಕೊ."

"ಬರ್ಕೊಡಿ."

ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡು ಅವಳು ನೆಟ್ಟಗೆ ಚಾಮರಾಜನಗರದ ಬಸ್ಸು ಹತ್ತಿದಳು. ಕಚೇರಿಗೆ ಕಳಿಸುವ ಮೊದಲು ಶಶಿಯ ಮುಖ ಒಮ್ಮೆ ನೋಡಬೇಕಿತ್ತು. ಆ ಮುಖ ಹೇಗೆ ಬಾಡುತ್ತದೆ ಎಂದು ದಾರಿಯುದ್ದಕ್ಕೂ ಎಣಿಸಿಕೊಂಡಳು, ಸುಖಪಟ್ಟಳು.

ಶಶಿ ಸೂಟ್‌ಕೇಸು ತುಂಬುತ್ತಿದ್ದಳು. ಅಮ್ಮನಿಗೆಂದು ಮೆತ್ತನೆಯ ಹತ್ತಿ ಸೀರೆ, ಸಕ್ಕರೆಯಿಲ್ಲದ ಬಿಸ್ಕತ್ತು, ಕಾಲಿಗೆ ಹಚ್ಚುವ ಎಣ್ಣೆ. ಅಕ್ಕನನ್ನು ಕಂಡದ್ದೇ ಅತ್ತುಬಿಟ್ಟಳು. "ನೀನಿಲ್ದೆ ಓಗಕ್ಕೆ ನಂಗೆ ಮನ್ಸೇ ಇಲ್ಲ ಕಣಕ್ಕ. ಬ್ಯಾಡ ಅನ್ನು, ಈಗ್ಲೇ ಟಿಕೇಟು ಕ್ಯಾನ್ಸಲ್ ಮಾಡ್ಬುಡ್ತೀನಿ."

ಬ್ಯಾಡ ಎನ್ನುವ ಮಾತು ಸುಧಾಮಣಿಯ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಯಾರನ್ನೂ ಕಾಣದೆ ಅಮ್ಮ ಸತ್ತರೆ, ಅಕ್ಕನಿಗಾಗಿ ನಾನು ಬಿಟ್ಟುಕೊಟ್ಟೆ ಎಂದು ಶಶಿ ಬದುಕಿರುವ ತನಕ ಹೇಳಿಕೊಂಡು ತಿರುಗುತ್ತಾಳೆ. ಆ ಹಿರಿಮೆಯೂ ಇವಳಿಗೇ ಯಾಕೆ? "ಓಗ್ಬಾ" ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟರ ಕಾಗದವನ್ನು ಹರಿದು ಹಾಕಿದಳು. ಹರಿದದ್ದು ದೊಡ್ಡ ಮನಸ್ಸಿನಿಂದೇನಲ್ಲ. ಹರಿದೆನಲ್ಲಾ ಎಂದು ಹಂಗಳ ಮುಟ್ಟುವವರೆಗೂ ಸಂಕಟಪಟ್ಟಳು.

ಹದಿನೈದು ದಿನ ಕಳೆದು ಮನ್ನಾರಿನಿಂದ ವೀಡಿಯೋ ಕಾಲ್ ಬಂತು. ಶಶಿ ಫೋನನ್ನು ಕಿಟಕಿಗೆ ಒರಗಿಸಿ ಅಮ್ಮನ ಮಂಚದ ಮೇಲೆ ಕೂತಳು. ಅಮ್ಮ ಮಗುವಿನಷ್ಟಾಗಿದ್ದಳು. ಕೈ ಚಾಚಿ ಶಶಿಯ ಕೆನ್ನೆ, ಮೂಗು, ಗಲ್ಲ ಎಲ್ಲ ಸವರಿದಳು.

"ಸುಧಾ, ಬಂದೆಯಾ ಕಂದಾ? ಬರ್ತೀನಿ ಅಂದಿದ್ದೆ, ಬಂದೇಬಿಟ್ಟೆ" ಎಂದು ತಮಿಳಿನಲ್ಲಿ ಹೇಳಿ ಅತ್ತಳು.

ಶಶಿ ಗಾಬರಿಯಿಂದ ಫೋನಿನ ಕಡೆ ತಿರುಗಿದಳು. ನಿಜ ಹೇಳಲು ಅವಳ ಬಾಯಿ ತೆರೆದಿತ್ತು. ಸುಧಾಮಣಿಗೆ ತನ್ನ ಹೆಸರಿನ ಮೇಲೆ ತನಗೇ ಹೊಟ್ಟೆಯುರಿಯಿತು. ತಾನು ಹೋಗಲಾಗದ ಕಡೆಗೆ ಅದು ಹೋಗಿತ್ತು. ಹೇಳಬೇಡ ಎಂದು ತಲೆಯಾಡಿಸಿದಳು.

"ಹೂಂ, ಬಂದೆ ಅಮ್ಮ" ಎಂದಳು ಶಶಿ. ಅವಳನ್ನು ಅಮ್ಮ ಎಂದು ಶಶಿ ಕರೆದದ್ದು ಅದೇ ಮೊದಲು.

ಅಮ್ಮ ಬಹಳ ಹೊತ್ತು ಶಶಿಯ ಕೈ ಬಿಡಲಿಲ್ಲ. ಆಮೇಲೆ ಏನೋ ನೆನಪಾಗಿ ಗದರಿದಳು. "ಶಶಿ ಎಲ್ಲಿ? ತಾಯಿಲ್ಲದ ಮಗುವನ್ನ ಬಿಟ್ಟು ಒಬ್ಬಳೇ ಬಂದೆಯಾ?"

"ಫೋನಲ್ಲಿದಾಳೆ ಅಮ್ಮ."

ಸುಧಾಮಣಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಮ್ಮನಿಗೆ ಕೇಳಲಿ ಎಂದು ಫೋನನ್ನು ಬಾಯಿಯ ಹತ್ತಿರ ಹಿಡಿದು ಗಟ್ಟಿಯಾಗಿ ಕೂಗಿದಳು.

"ನಾನು ಶಶಿ, ಪೆರಿಯಮ್ಮ! ಅಕ್ಕ ಬಂದಿದಾಳಲ್ಲ, ಸಾಕು!"