ಆನೆ ಮೊದಲು ಏಳಬೇಕು

ನನ್ನ ತಮ್ಮ ತೀರಿಕೊಂಡ ಸುದ್ದಿ ಬಂದದ್ದು ಒಂದು ಮಂಗಳವಾರ, ಬೆಳಗಿನ ಹನ್ನೊಂದು ಗಂಟೆಗೆ. ಆಗ ನಾನು ನಡುಮನೆಯ ನೆಲದ ಮೇಲೆ ಕೂತು ಗಾಜಿನ ಲೋಟಗಳಿಗೆ ಹಳೆಯ ಪತ್ರಿಕೆ ಸುತ್ತುತ್ತಿದ್ದೆ. ಮನೆ ಬದಲಾಯಿಸಲು ಇನ್ನು ಹನ್ನೆರಡೇ ದಿನ ಉಳಿದಿತ್ತು. ಮೊಮ್ಮಕ್ಕಳಿಬ್ಬರು ದೊಡ್ಡದೊಂದು ರಟ್ಟಿನ ಪೆಟ್ಟಿಗೆಯೊಳಗೆ ಕೂತು ರೈಲಾಟ ಆಡುತ್ತಿದ್ದರು. ಏಳು ವರ್ಷದ ಮೊಮ್ಮಗಳನ್ನು ನಾವು ಬುಗುರಿ ಎಂದು ಕರೆಯುತ್ತೇವೆ, ನಿಂತಲ್ಲಿ ನಿಲ್ಲುವವಳಲ್ಲ. ಅವಳ ತಮ್ಮ ಚೋಟುವಿಗೆ ನಾಲ್ಕು ತುಂಬಿದೆ.

ಫೋನು ಮಾಡಿದವನು ತಮ್ಮನ ಊರಿನ ಮರದಂಗಡಿಯವನು. "ಕೆಲಸ ಮಾಡ್ತಾ ಮಾಡ್ತಾ, ಸ್ವಲ್ಪ ಒರಗ್ತೀನಿ ಅಂದ್ರು ಯಜಮಾನ್ರೇ. ಹಲಗೆ ಮೇಲೆ ತಲೆ ಇಟ್ರು. ಮತ್ತೆ ಏಳ್ಲಿಲ್ಲ," ಎಂದ.

ಕೈಯಲ್ಲಿದ್ದ ಲೋಟಕ್ಕೆ ಪತ್ರಿಕೆ ಸುತ್ತುವುದನ್ನು ಮುಗಿಸಿದೆ. ಅದನ್ನು ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದೆ. ಅಷ್ಟರಲ್ಲಿ ಚೋಟು, "ತಾತ, ಟಿಕೆಟ್ ಎಲ್ಲಿ? ಟಿಕೆಟ್ ಇಲ್ಲದೋರ್ನ ಇಳಿಸ್ಬಿಡ್ತೀನಿ!" ಎಂದು ಕೈ ಚಾಚಿದ. ಪತ್ರಿಕೆಯ ಅಂಚು ಹರಿದು ಕೊಟ್ಟೆ. ಅದನ್ನು ಹಲ್ಲಿನಿಂದ ಕಚ್ಚಿ ತೂತು ಮಾಡಿ ನನಗೇ ಹಿಂದಿರುಗಿಸಿದ. ಆ ಚೂರು ಈಗಲೂ ನನ್ನ ಪ್ರಾರ್ಥನೆಯ ಪುಸ್ತಕದಲ್ಲಿದೆ.

ತಮ್ಮ ಬಡಗಿ. ಮದುವೆಯಾಗಲಿಲ್ಲ, ಒಂದು ಹಗಲು ಪ್ರಯಾಣದಷ್ಟು ದೂರದ ಊರಿನಲ್ಲಿ ಒಬ್ಬನೇ ಇದ್ದ. ನಾನೂ ಮಗನೂ ಹೋಗಿ ಅವನನ್ನು ಕಳಿಸಿಕೊಟ್ಟು ಬಂದೆವು. ಅವನ ಸಾಮಾನುಗಳಲ್ಲಿ ನಾನು ತಂದದ್ದು ಒಂದೇ, ಬೆಣೆ ಬಡಿಯುವ ಅವನ ಮರದ ಕೊಡತಿ. ಹಿಡಿಯ ಮರ ಅವನ ಹೆಬ್ಬೆರಳಿನ ಗುರುತಿಗೆ ಸವೆದು ಹೋಗಿತ್ತು.

ಹಿಂದಿರುಗಿದ ದಿನ ಸೊಸೆ ಕೇಳಿದಳು. "ಮಾವ, ಬೇಕಾದ್ರೆ ಮನೆ ಬದಲಾಯಿಸೋದನ್ನ ಮುಂದಕ್ಕೆ ಹಾಕೋಣ. ನಾನು ಹೇಳಿ ನೋಡ್ತೀನಿ." ಅವಳು ದಾದಿ. ಹೊಸ ಮನೆ ಅವಳ ಆಸ್ಪತ್ರೆಗೆ ಐದು ನಿಮಿಷದ ನಡಿಗೆ.

"ಬೇಡಮ್ಮ. ಆ ಮನೆ ಸಿಕ್ಕಿತು ಅಂದಾಗ ನಮ್ಮೆಲ್ಲರಿಗಿಂತ ಹೆಚ್ಚು ಕುಣಿದವನು ಅವನೇ," ಎಂದೆ.

ಅದು ನಿಜ. ಹೊಸ ಮನೆಯಲ್ಲಿ ಮಕ್ಕಳ ಕೋಣೆ ಎಷ್ಟು ದೊಡ್ಡದೆಂದು ತಿಳಿಯಲು ಅವನು ಬುಗುರಿಯ ಕೈಯಲ್ಲೇ ಗೋಡೆಯನ್ನು ಗೇಣು ಹಾಕಿ ಅಳೆಸಿದ್ದ. ಅವಳು ಫೋನಿನಲ್ಲಿ, "ಮೂವತ್ತೊಂದು ಗೇಣು, ಆಮೇಲೆ ಒಂದು ಹೆಬ್ಬೆಟ್ಟು, ಚಿಕ್ಕತಾತ!" ಎಂದು ಕೂಗಿದಾಗ ಆ ಕಡೆಯಿಂದ, "ಹಾಗಾದ್ರೆ ನಮ್ಮ ಅಟ್ಟದ ಮಂಚ ಕಾಲು ಚಾಚಿ ಕೂರತ್ತೆ!" ಎಂದು ನಕ್ಕಿದ್ದ.

ಆ ಮಂಚದ ಸಂಗತಿ ಹೇಳಬೇಕು. ಮೂರು ವರ್ಷದ ಹಿಂದೆ ಅವನು ನಮ್ಮಲ್ಲಿಗೆ ಬಂದು, ಮಕ್ಕಳ ಕೋಣೆಯ ಮೂಲೆಯಲ್ಲಿ, ಎರಡು ಗೋಡೆಗಳ ನಡುವೆ ಅಳತೆಗೆ ಸರಿಯಾಗಿ ಒಂದು ಮಂಚ ಕಟ್ಟಿದ. ಮೇಲೊಂದು ಹಾಸಿಗೆ, ಕೆಳಗೊಂದು ಹಾಸಿಗೆ. ಹತ್ತುವುದಕ್ಕೆ ಏಣಿ. ಕೋಣೆಯೊಳಗೇ ಕಟ್ಟಿದ್ದರಿಂದ ಅದು ಬಾಗಿಲಲ್ಲಿ ಹಿಡಿಸುವಂತಿಲ್ಲ. ಅದರಲ್ಲಿ ಒಂದು ಮೊಳೆಯೂ ಇರಲಿಲ್ಲ. ಒಂದು ಮರದ ತುದಿ ಇನ್ನೊಂದರ ತೂತಿನಲ್ಲಿ ಹೋಗಿ ಕೂರುತ್ತದೆ. ಅದು ಅಲ್ಲಾಡದಂತೆ ಬೆಣೆ ಬಡಿದಿರುತ್ತದೆ. ಒಂದು ಬೆಣೆ ಇನ್ನೊಂದನ್ನು ಹಿಡಿದುಕೊಂಡಿರುತ್ತದೆ. ಪ್ರತಿ ಬೆಣೆಯ ತಲೆಯ ಮೇಲೂ ಅವನು ಮಕ್ಕಳಿಗೆಂದು ಒಂದೊಂದು ಪ್ರಾಣಿಯನ್ನು ಕೆತ್ತಿದ್ದ.

"ಇದನ್ನ ಬಿಚ್ಚೋ ಕ್ರಮ ಒಂದು ಹಾಳೆಯಲ್ಲಿ ಬರೆದುಕೊಡೋ," ಎಂದು ನಾನು ಆಗಲೇ ಕೇಳಿದ್ದೆ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು. ಹಾಳೆಯಲ್ಲಿ ಇಲ್ಲದ್ದು ನನಗೆ ಇಲ್ಲದ್ದೇ.

"ಹೇಳಿಕೊಟ್ಟಿದ್ದೀನಿ ಅಣ್ಣ, ಯಾರಿಗೆ ಬೇಕೋ ಅವರಿಗೆ. ಅಷ್ಟಕ್ಕೂ ಬಿಚ್ಚೋ ದಿನ ನಾನೇ ಬರ್ತೀನಲ್ಲ," ಎಂದಿದ್ದ.

ಈಗ ಅವನು ಬರುವಂತಿರಲಿಲ್ಲ. ಮಗನಿಗೆ ಹೇಳಿಕೊಟ್ಟಿರಬೇಕೆಂದುಕೊಂಡು ಅವನನ್ನು ಕೇಳಿದೆ. ಮಗ ಇಲ್ಲವೆಂದು ತಲೆಯಾಡಿಸಿದ. "ನಂಗೇನೂ ಹೇಳಿಲ್ಲಪ್ಪ. ನಾನು ಸುತ್ತಿಗೆ ಹಿಡಿದ್ರೆ ಬೆರಳಿಗೇ ಹೊಡ್ಕೊಳ್ತೀನಿ ಅಂತ ಚಿಕ್ಕಪ್ಪಂಗೆ ಗೊತ್ತಿತ್ತು." ಎಲ್ಲೋ ಒಂದು ಚೀಟಿ ಇರಬಹುದೆಂದು ಮೂರು ದಿನ ಅವನು ನಮಗೆ ಬರೆದಿದ್ದ ಹಳೆಯ ಕಾಗದಗಳನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ಮಂಗಳವಾರದಿಂದ ನಾನು ಬೆಳಗಿನ ಪ್ರಾರ್ಥನೆಗೆ ಕೂತರೆ ಎಲ್ಲರಿಗಾಗಿಯೂ ಬೇಡಿಕೊಳ್ಳುತ್ತಿದ್ದೆ, ಆದರೆ ತಮ್ಮನ ಹೆಸರು ಬಂದ ಕೂಡಲೇ ಪುಸ್ತಕ ಮುಚ್ಚಿಬಿಡುತ್ತಿದ್ದೆ. ಅವನ ಶಾಂತಿಗಾಗಿ ಬೇಡಿದರೆ ಅವನು ಹೋದನೆಂದು ಒಪ್ಪಿದಂತಾಗುತ್ತಿತ್ತು. ಮಂಚವಾದರೂ ಇಡಿಯಾಗಿ ಹೊಸ ಮನೆಗೆ ಬರಲಿ ಎಂದು ಮಾತ್ರ ದೇವರಲ್ಲಿ ಕೇಳುತ್ತಿದ್ದೆ. ನಮ್ಮ ಮನೆಯಲ್ಲಿ ಅವನ ಕೈಕೆಲಸ ಅಂತ ಉಳಿದದ್ದು ಅದೊಂದೇ.

ಮನೆ ಬಿಡುವ ದಿನ ಬೆಳಗಿನ ಏಳಕ್ಕೇ ಲಾರಿ ಬಂದು ನಿಂತಿತು. ಮಕ್ಕಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಹೊಸ ಮನೆಯಲ್ಲಿ ಒಳಗೇ ಮೆಟ್ಟಿಲಿದೆ, ಕಿಟಕಿಯಿಂದ ನಿಜವಾದ ರೈಲು ಕಾಣುತ್ತದೆ ಎಂದು ಬುಗುರಿ ಬೀದಿಯಲ್ಲಿ ಹೋಗುವವರಿಗೆಲ್ಲ ಸಾರುತ್ತಿದ್ದಳು. ಚೋಟು ಲಾರಿಯ ಮೇಸ್ತ್ರಿಯ ಬೆನ್ನು ಬಿಡಲಿಲ್ಲ.

"ಮೇಸ್ತ್ರಿ ಮಾಮ, ಫ್ರಿಜ್ಜಿಗೆ ವಾಂತಿ ಬಂದ್ರೆ?"

"ನಿಲ್ಸಿ ಅಂತ ಕೂಗತ್ತೆ. ನಿಲ್ಸ್ತೀವಿ."

"ಅದಕ್ಕೆ ಬಾಯೇ ಇಲ್ಲವಲ್ಲ?"

"ಬಾಗಿಲು ಇನ್ನೇನು ಮತ್ತೆ? ನಿನ್ನ ಬಾಯಿಗಿಂತ ವಾಸಿ, ಆಗಾಗ ಮುಚ್ಚತ್ತೆ."

ಮಂಚದ ಕೆಳಗೆ ತುಂಬಿದ್ದ ಪೆಟ್ಟಿಗೆಗಳು ಸೇರಿ ಹತ್ತೂವರೆಗೆಲ್ಲ ಮನೆ ಖಾಲಿಯಾಯಿತು. ಮಾತಾಡಿದರೆ ಗೋಡೆಗಳು ತಿರುಗಿ ಮಾತಾಡುತ್ತಿದ್ದವು. ಉಳಿದದ್ದು ಮಂಚ. ಮೇಸ್ತ್ರಿ ಅದರ ಸುತ್ತ ನೋಡಿ, ಕಂಬವನ್ನು ಅಲ್ಲಾಡಿಸಿ ನೋಡಿ, ಸೊಂಟದ ಮೇಲೆ ಕೈಯಿಟ್ಟ.

"ಯಾರು ಮಾರಾಯ್ರೆ ಇದನ್ನ ಮಾಡಿದ್ದು? ಒಂದು ಕೂದಲು ಹೋಗೋಷ್ಟು ಸಂದಿಲ್ಲ."

"ನನ್ನ ತಮ್ಮ," ಎಂದೆ.

"ಅವರ್ನೇ ಕರೀಬೇಕಿತ್ತು." ಸೊಸೆಯ ಮುಖ ನೋಡಿ ಅವನಿಗೆ ಅರ್ಥವಾಯಿತು. ತಲೆಗೆ ಸುತ್ತಿದ್ದ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ತಪ್ಪಾಯ್ತು. ಗೊತ್ತಿರ್ಲಿಲ್ಲ. ಆದ್ರೆ ಯಜಮಾನ್ರೇ, ಹನ್ನೆರಡಕ್ಕೆ ಲಾರಿ ಹೊರಡ್ಲೇಬೇಕು. ಇನ್ನೊಬ್ರ ಮನೆ ಕಾಯ್ತಿದೆ."

ಎದುರಿಗೆ ಕಾಣುವ ಕಂಬದ ಬುಡದಲ್ಲಿ ಒಂದು ಬೆಣೆಯಿತ್ತು, ಇರುವೆಯ ಚಿತ್ರದ್ದು. ಅದನ್ನೇ ಮೊದಲು ಬಡಿದು ನೋಡಿದರು. ಒಂದು ಏಟು, ಎರಡು ಏಟು. ಮೂರನೆಯದಕ್ಕೆ ಮರ ಕಿರ್ರೆಂದಿತು. ಕಂಬದ ಮೇಲೆ ಕೂದಲೆಳೆಯಷ್ಟು ಬಿರುಕು ಕಾಣಿಸಿತು.

"ನಿಲ್ಲಿಸಿ!" ಎಂದು ಕೂಗಿದ ದನಿ ನನ್ನದೇ ಎಂದು ಆಮೇಲೆ ತಿಳಿಯಿತು.

"ಬಡಿದ್ರೆ ಒಡೆಯತ್ತೆ," ಎಂದ ಮೇಸ್ತ್ರಿ. "ಗರಗಸದಲ್ಲಿ ನಾಲ್ಕು ಕಡೆ ಕೊಯ್ದು ಒಯ್ಯೋಣ. ಅಲ್ಲಿ ಯಾರಾದ್ರೂ ಪಟ್ಟಿ ಹೊಡೆದು ಜೋಡಿಸ್ತಾರೆ." ಮಗ ನನ್ನ ಕಡೆ ನೋಡಿದ. ಗೋಡೆಯ ಗಡಿಯಾರವನ್ನು ಆಗಲೇ ಲಾರಿಗೆ ಹಾಕಿದ್ದರು. ಆದರೂ ಎಲ್ಲರೂ ಆ ಖಾಲಿ ಜಾಗವನ್ನೇ ನೋಡಿದೆವು.

ಆಗ ಚೋಟು ಓಡಿ ಬಂದು ಕೆಳಗಿನ ಹಾಸಿಗೆಯ ಹಲಗೆಯ ಮೇಲೆ ಬೋರಲಾಗಿ ಬಿದ್ದ. "ಕೊಯ್ಯಬೇಡಿ! ಎಲ್ಲಾರೂ ಮಲಗಿದ್ದಾರೆ!"

"ಯಾರೋ ಮಲಗಿರೋದು?" ಎಂದ ಅವನಪ್ಪ, ಸ್ವಲ್ಪ ಸಿಟ್ಟಿನಿಂದ.

ಉತ್ತರ ಹೇಳಿದವಳು ಬುಗುರಿ. "ಅಪ್ಪ, ನೀವು ಇರುವೆನ ಮೊದಲು ಎಬ್ಬಿಸೋಕೆ ಹೋದ್ರಿ. ಅದು ಹ್ಯಾಗೆ ಏಳತ್ತೆ? ಅದೇ ಮೊದಲು ಬಂದು ಮಲಗಿದ್ದು. ಎಲ್ಲಾರೂ ಅದರ ಮೇಲಿದ್ದಾರೆ. ಮೊದಲು ಆನೆ ಏಳ್ಬೇಕು."

"ಯಾವ ಆನೆ?"

"ಚಿಕ್ಕತಾತನ ಕತೆ ಆನೆ!"

ಆ ಕತೆ ನನಗೂ ಗೊತ್ತಿತ್ತು. ತಮ್ಮ ಬಂದಾಗಲೆಲ್ಲ ಈ ಮಂಚದ ಪಕ್ಕ ನೆಲದ ಮೇಲೆ ಹಾಸಿಕೊಂಡು ಮಕ್ಕಳಿಗೆ ಒಂದೇ ಕತೆ ಹೇಳುತ್ತಿದ್ದ. ಒಂದು ಪುಟ್ಟ ಮನೆ. ಇರುವೆ ಬಂದು ಮಲಗುತ್ತದೆ. ಆಮೇಲೆ ಕಪ್ಪೆ ಬಂದು, "ಸ್ವಲ್ಪ ಸರ್ಕೊಳ್ಳಿ, ನಂಗೂ ಜಾಗ ಕೊಡಿ," ಎನ್ನುತ್ತದೆ. ಆಮೇಲೆ ಇಲಿ. ಆಮೇಲೆ ಕೋಳಿ, ಇಲಿಗೂ ಬೆಕ್ಕಿಗೂ ನಡುವೆ ಯಾರಾದರೂ ಮಲಗಬೇಕಲ್ಲ. ಆಮೇಲೆ ಬೆಕ್ಕು, ಮೇಕೆ, ಕೊನೆಗೆ ಆನೆ. ಪಕ್ಕದ ಕೋಣೆಯಲ್ಲಿ ಓದುತ್ತ ಕೂತ ನಾನು, "ಇವನಿಗೆ ಇನ್ನೊಂದು ಕತೆ ಬರುವುದಿಲ್ಲವೇ?" ಎಂದು ಗೊಣಗಿದ್ದೇನೆ. ಬೆಣೆ ಬಡಿದ ಕ್ರಮವನ್ನೇ ಅವನು ಕತೆ ಮಾಡಿ ಹೇಳಿಕೊಟ್ಟಿದ್ದ, ಯಾರಿಗೆ ಬೇಕೋ ಅವರಿಗೇ. ನಾನು ಮಾತ್ರ ಹಾಳೆ ಹುಡುಕುತ್ತಿದ್ದೆ.

"ಆರು ಬೆಣೆ ಕಾಣ್ತಾ ಇವೆ," ಎಂದು ಸೊಸೆ ಬೆರಳು ಮಡಿಸಿ ಎಣಿಸಿದಳು. "ಮೇಕೆ ತನಕ ಇದೆ. ಆನೆ ಎಲ್ಲಿ?"

"ಆನೆಗೆ ಒಳಗೆ ಜಾಗ ಸಾಲ್ಲಿಲ್ಲ," ಎಂದಳು ಬುಗುರಿ. "ಅದಕ್ಕೇ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದೆ, ಗಾಳಿ ಬರದ ಹಾಗೆ."

ಚೋಟು ಮಲಗಿದ್ದಲ್ಲೇ ತನ್ನ ಪುಟ್ಟ ಕೈಯನ್ನು ಮಂಚಕ್ಕೂ ಗೋಡೆಗೂ ನಡುವಿನ ಸಂದಿಗೆ ಮೊಣಕೈವರೆಗೆ ತೂರಿಸಿದ. ಸೊಸೆ ಬಾಯಿಗೆ ಕೈ ಹಿಡಿದುಕೊಂಡಳು. ದಿನವೂ ಅವನು ಹಾಗೆ ಕೈ ತೂರಿಸಿಕೊಂಡೇ ನಿದ್ದೆ ಹೋಗುತ್ತಿದ್ದ. ಗೋಡೆಯ ತಂಪಿಗೆ ಶೀತವಾಗುತ್ತದೆಂದು ಅವಳು ಎಷ್ಟೋ ಸಲ ಕೈ ಎಳೆದು ಹೊದಿಸಿದ್ದಳು.

"ಇದೆ," ಎಂದ ಚೋಟು. "ಇಲ್ಲೇ ಇದೆ. ಬೆನ್ನು ನುಣ್ಣಗಿದೆ."

ಆ ಸಂದಿಯಲ್ಲಿ ದೊಡ್ಡವರ ಮುಷ್ಟಿ ಹೋಗುವಂತಿರಲಿಲ್ಲ. ಬೆಣೆಯ ಸಣ್ಣ ತುದಿ ಕೆಳಗೆ ಇಳಿದಿರಬೇಕು, ಮಂಚದ ಅಡಿಯಿಂದ ಮೇಲಕ್ಕೆ ಬಡಿಯಬೇಕು ಎಂದ ಮೇಸ್ತ್ರಿ. ಅವನು ಬಗ್ಗಿದ, ಭುಜ ಹಿಡಿಸಲಿಲ್ಲ. ಮಗ ಬಗ್ಗಿದ.

"ನೀವು ಬಿಡಿ," ಎಂದಳು ಸೊಸೆ. "ಹೊಟ್ಟೆ ಸಿಕ್ಕಿಹಾಕ್ಕೊಂಡ್ರೆ ಆಮೇಲೆ ನಿಮ್ಮನ್ನ ಕೊಯ್ಯಬೇಕಾಗತ್ತೆ."

ಹಾಗೆ ಎಪ್ಪತ್ತಮೂರು ವರ್ಷದ ನಾನು, ತಮ್ಮನ ಕೊಡತಿ ಎದೆಗೆ ಅವುಚಿಕೊಂಡು, ಅಂಗಾತ ಮಲಗಿ ಮಂಚದ ಕೆಳಗೆ ತೆವಳಿದೆ. ಧೂಳು ಮೂಗಿಗೆ ಹೋಗಿ ಸೀನು ಬಂತು. ಕಳೆದ ವರ್ಷ ಕಳೆದುಹೋಗಿದ್ದ ನನ್ನ ಕನ್ನಡಕದ ಡಬ್ಬಿ ಕಿವಿಗೆ ತಾಗಿತು. ಬೆರಳಾಡಿಸಿದಾಗ ಮೂಲೆಯಲ್ಲಿ ಕಡ್ಡಿಯಂಥ ತುದಿಯೊಂದು ಸಿಕ್ಕಿತು.

"ತಾತ, ನಾನು ಆನೆ ಮೇಲೆ ಬೆರಳಿಟ್ಟಿದ್ದೀನಿ," ಎಂದು ಹಲಗೆಯ ಮೇಲಿನಿಂದ ಚೋಟುವಿನ ದನಿ ಬಂತು. "ಮೆತ್ತಗೆ ಎಬ್ಬಿಸು. ಅದಕ್ಕೆ ಸಿಟ್ಟು ಬರತ್ತೆ."

ಸವೆದ ಜಾಗದಲ್ಲೇ ಹೆಬ್ಬೆರಳಿಟ್ಟು ಕೊಡತಿ ಹಿಡಿದೆ. ಒಂದು ಏಟು ಹೊಡೆದೆ.

"ಇಲ್ಲ."

ಎರಡನೆಯದು.

"ಇಲ್ಲ ತಾತ. ಚಿಕ್ಕತಾತ ಹೇಳೋ ಹಾಗೆ ಹೇಳು!"

ನಾನು ಕತ್ತಲಲ್ಲಿ ಮಲಗಿ, "ಆನೆಯಣ್ಣ, ಸ್ವಲ್ಪ ಸರ್ಕೋಪ್ಪ," ಎಂದೆ. ಮೂರನೆಯ ಏಟು ಹಾಕಿದೆ.

"ಅಲ್ಲಾಡ್ತು! ಅಲ್ಲಾಡ್ತು! ಎದ್ದೇಳ್ತಾ ಇದೆ!" ಚೋಟು ಕಿರುಚಿದ ರಭಸಕ್ಕೆ ಮೇಲಿನಿಂದ ಹೊಟ್ಟು ನನ್ನ ಕಣ್ಣಿಗೆ ಬಿತ್ತು. ಅವನು ಬೆಣೆಯನ್ನು ಮೇಲಕ್ಕೆಳೆದು ಎರಡೂ ಕೈಯಲ್ಲಿ ಎತ್ತಿ ಹಿಡಿದನಂತೆ. ಹೊರಗೆ ಚಪ್ಪಾಳೆ, ಕೇಕೆ. ಮೇಸ್ತ್ರಿಯ ದನಿಯೇ ಎಲ್ಲರಿಗಿಂತ ಜೋರು. ನನ್ನ ಎರಡು ಕಾಲು ಹಿಡಿದು ಎಳೆದು ಹೊರಗೆ ಹಾಕಿದರು.

ಆಮೇಲೆ ಮನೆಯೆಲ್ಲ ಕತೆಯಾಯಿತು. ಬುಗುರಿ ಕತೆಯನ್ನು ಹಿಂದುಮುಂದಾಗಿ ಹೇಳುವಳು, ಮೇಸ್ತ್ರಿ ಬಡಿಯುವನು. "ಮೇಕೆ!" ಎಂದರೆ ಮೇಲಿನ ಅಡ್ಡಪಟ್ಟಿ ಸಡಿಲಾಯಿತು. "ಬೆಕ್ಕು!" ಎಂದರೆ ಏಣಿ ಕೈಗೆ ಬಂತು. "ಕೋಳಿ ಏಳೋಕೆ ಮುಂಚೆ ಇಲಿ ಮುಟ್ಟಬೇಡಿ ಮಾಮ!" ಎಂದರೆ ಆ ಗಡ್ಡದ ಮನುಷ್ಯ, "ಇಲ್ಲಮ್ಮ, ಮುಟ್ಟಲ್ಲ," ಎಂದು ಕೈ ಹಿಂದಕ್ಕೆ ಎಳೆದುಕೊಳ್ಳುವನು. ಕೊನೆಗೆ ಇರುವೆಯನ್ನು ಬೆರಳಲ್ಲೇ ತೆಗೆದರು. ಬಡಿಯಲೂ ಬೇಕಾಗಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಕಡೆಯ ಹಲಗೆ ಬಾಗಿಲು ದಾಟಿತು.

ಏಳು ಬೆಣೆಗಳನ್ನೂ ಚೋಟು ತನ್ನ ಟೋಪಿಯಲ್ಲಿ ಹಾಕಿಕೊಂಡು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡಿದ್ದ. ಪ್ರತಿ ತಿರುವಿನಲ್ಲೂ, "ಭದ್ರವಾಗಿ ಕೂತ್ಕೊಳ್ಳಿ," ಎಂದು ಅವುಗಳಿಗೆ ಹೇಳುತ್ತಿದ್ದ. ಹೊಸ ಮನೆ ತಲುಪಿದಾಗ ಬುಗುರಿ ಒಳಗಿನ ಮೆಟ್ಟಿಲನ್ನು ಹನ್ನೊಂದು ಸಲ ಹತ್ತಿ ಇಳಿದಳು. ರೈಲು ಬಂತು. ಮೇಸ್ತ್ರಿಯೂ ಅವಳ ಜೊತೆ ಕಿಟಕಿಯಲ್ಲಿ ನಿಂತು ಕೈ ಬೀಸಿದ. ಇನ್ನೊಬ್ಬರ ಮನೆ ಕಾಯುತ್ತಿದ್ದರೂ ಮಂಚ ಏಳುವವರೆಗೆ ಅವನು ಹೋಗಲಿಲ್ಲ. "ಮೊದಲಿಂದ ನೆಟ್ಟಗೆ ಕತೆ ಕೇಳದೆ ಹೋದ್ರೆ ನಂಗೆ ನಿದ್ದೆ ಬರಲ್ಲ," ಎಂದ.

ಈ ಸಲ ಇರುವೆ ಮೊದಲು ಮಲಗಿತು. ಆಮೇಲೆ ಕಪ್ಪೆ, ಇಲಿ, ಕೋಳಿ, ಬೆಕ್ಕು, ಮೇಕೆ. ಪ್ರತಿಯೊಂದೂ, "ಸ್ವಲ್ಪ ಸರ್ಕೊಳ್ಳಿ, ನಂಗೂ ಜಾಗ ಕೊಡಿ," ಎಂದು ಕೇಳಿಕೊಂಡೇ ಬಂತು. ಆನೆಯನ್ನು ಮಾತ್ರ ಚೋಟು ನನ್ನ ಕೈಗೆ ಕೊಟ್ಟ. ಅದರ ಬೆನ್ನು ಮಗುವಿನ ಬೆರಳು ಸವರಿ ಸವರಿ ಗಾಜಿನಂತೆ ನುಣುಪಾಗಿತ್ತು. ಅದನ್ನು ಬಡಿದು ಕೂರಿಸಿ, ಮಂಚವನ್ನು ಗೋಡೆಗೆ ತಳ್ಳಿದೆವು, ಪುಟ್ಟ ಕೈ ಹೋಗುವಷ್ಟು ಸಂದಿ ಬಿಟ್ಟು.

ಮಧ್ಯಾಹ್ನ ಮೂರು ದಾಟಿತ್ತು. ಬಿಸಿಲು ಹೊಸ ಕಿಟಕಿಯಿಂದ ಹಾಸಿಗೆಯ ಮೇಲೆ ಬಿದ್ದಿತ್ತು. ಚೋಟು ಸಂದಿಗೆ ಕೈ ತೂರಿಸಿ ಕಣ್ಣು ಮುಚ್ಚಿದವನು ಮತ್ತೆ ತೆರೆದ.

"ತಾತ, ಚಿಕ್ಕತಾತ ದೇವರ ಮನೆಗೆ ಹೋದ್ರು ಅಂತ ಅಮ್ಮ ಹೇಳಿದ್ಲು."

"ಹೌದಪ್ಪ."

"ಅಲ್ಲಿ ತುಂಬ ಜನ ಇರ್ತಾರಾ?"

"ಇರ್ತಾರೆ."

"ಹಾಗಾದ್ರೆ ಅವ್ರು ಜಾಗ ಕೇಳ್ಬೇಕಾಗತ್ತೆ. ಇಲ್ಲ, ನೀನೇ ಕೇಳು. ನೀನು ದಿನಾ ದೇವರ ಹತ್ರ ಮಾತಾಡ್ತೀಯಲ್ಲ." ಹಾಗೆಂದು ನಿದ್ದೆ ಹೋದ.

ನಾನು ಆ ಮಂಚದ ಪಕ್ಕದಲ್ಲಿ, ತಮ್ಮ ಹಾಸಿಕೊಳ್ಳುತ್ತಿದ್ದಂತೆಯೇ ನೆಲದ ಮೇಲೆ ಕೂತೆ. ಕೈ ಮುಗಿದೆ. ಹನ್ನೆರಡು ದಿನ ಬಾರದ ಮಾತು ಬಂತು.

ಭಗವಂತ, ನನ್ನ ತಮ್ಮ ನಿನ್ನ ಬಾಗಿಲಿಗೆ ಬಂದಿದ್ದಾನೆ. ಅವನು ತನಗಾಗಿ ಏನನ್ನೂ ಕೇಳುವವನಲ್ಲ, ಅದಕ್ಕೆ ಅವನ ಅಣ್ಣ ಕೇಳುತ್ತಿದ್ದೇನೆ. ನಿನ್ನ ಬಳಿ ಇರುವವರಿಗೆ ಸ್ವಲ್ಪ ಸರಿಯಲು ಹೇಳು. ಅವನಿಗೂ ಜಾಗ ಕೊಡು. ದಣಿದು ಬಂದಿದ್ದಾನೆ, ನೆಮ್ಮದಿಯಾಗಿ ಮಲಗಿಸು. ಅವನ ಆತ್ಮಕ್ಕೆ ಶಾಂತಿಯಿರಲಿ.