ಮಡಚುವ ಗಾಜು

ಗಾಜು ಮಡಚುವುದಿಲ್ಲ. ಇಪ್ಪತ್ತಾರು ವರ್ಷದಿಂದ ಗಾಜು ಕತ್ತರಿಸಿ ಹೊಟ್ಟೆ ಹೊರೆಯುತ್ತಿರುವವನು ನಾನು, ನನಗೆ ಪಾಠ ಹೇಳಬೇಡಿ. ಮೊದಲು ಒಂದು ಗೆರೆ ಗೀರುತ್ತೇವೆ. ಎರಡೂ ಕೈಯಲ್ಲಿ ಅದುಮಿದರೆ ಆ ಗೆರೆಗುಂಟ ಲಟಕ್ಕನೆ ಮುರಿಯುತ್ತದೆ. ತಂಗಿ ಮಡಚುವ ಫೋನು ತಂದು ತೋರಿಸಿದ ದಿನ ಅದರ ನಡುವೆ ನನಗೆ ಕಂಡದ್ದು ಅಂಥದೇ ಗೆರೆ.

"ಮಡಚಿ ಏನ್ ಮಾಡ್ತೀಯಾ? ಇಸ್ತ್ರಿ ಹಾಕಿ ಬೀರುವಿನಲ್ಲಿ ಇಡ್ತೀಯಾ?" ಎಂದೆ.

ಅವಳು ನನ್ನ ತುಟಿ ಓದಿಕೊಂಡು ಮುಖ ತಿರುಗಿಸಿದಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ. ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಅವಳು ಮೇಣದಲ್ಲಿ ತಿದ್ದಿದ ಹಲ್ಲನ್ನು ನೋಡಿದರೆ ಅಸಲಿಯೇ ನಾಚಬೇಕು. ಅಂಥವಳು ಈ ಆಟದ ಸಾಮಾನಿಗೆ ಮರುಳಾದಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಮುಂದೆ ಹನ್ನೊಂದು ತಿಂಗಳು ಎದುರಿಗೆ ಸಿಕ್ಕಾಗಲೆಲ್ಲ ಅದನ್ನೇ ಎತ್ತಿ ಆಡಿದೆ.

ಹನ್ನೊಂದು ತಿಂಗಳಿಗೆ ಪರದೆಯ ಕೆಳಗಿನ ಅರ್ಧ ಕಪ್ಪಾಯಿತು. ಸರಿಯಾಗಿ ಆ ಗೆರೆಯವರೆಗೆ. ಗ್ಯಾರಂಟಿ ಒಂದು ವರ್ಷ, ಇನ್ನೂ ಮುಗಿದಿರಲಿಲ್ಲ. "ಸರ್ವಿಸ್ ಸೆಂಟರಿಗೆ ಜೊತೆಗೆ ಬಾ" ಎಂದು ಚೀಟಿ ಬರೆದು ಕೊಟ್ಟಳು. ಅಲ್ಲಿ ಮಾತಾಡಲು ಒಂದು ಬಾಯಿ ಬೇಕಲ್ಲ. ನನ್ನದಂತೂ ಮೊದಲಿನಿಂದಲೂ ದೊಡ್ಡ ಬಾಯಿ.

ಕೌಂಟರಿನವನು ತಲೆ ತಗ್ಗಿಸಿ, ಭೂತಗನ್ನಡಿ ಹಿಡಿದು ಫೋನನ್ನು ನೋಡುತ್ತಲೇ ಮಾತಾಡಿದ. ತಂಗಿಗೆ ಅವನ ತುಟಿ ಕಾಣಲಿಲ್ಲ.

"ಅರ್ಧ ಮಡಚಿ ಗಂಟೆಗಟ್ಟಲೆ ನಿಲ್ಲಿಸಿ ಇಡ್ತಾರಾ ಸರ್?"

"ಹೌದಪ್ಪ, ಮೇಜಿನ ಮೇಲೆ ಯಾವಾಗ್ಲೂ ಹಾಗೇ ಇರುತ್ತೆ. ನಾನೂ ಬಡ್ಕೊಂಡಿದ್ದೇ ಬಂತು."

"ಹಾಗಾದ್ರೆ ರಫ್ ಯೂಸ್. ಗ್ಯಾರಂಟಿ ಬರಲ್ಲ."

ಏನಂತೆ ಎಂದು ತಂಗಿ ಎರಡು ಸಲ ನನ್ನ ತೋಳು ಜಗ್ಗಿದಳು. ಸುಮ್ಮನಿರು ಎಂದು ಕೈ ಆಡಿಸಿದೆ. ಅವನು ಒಂದು ಫಾರಂ ಮುಂದಕ್ಕೆ ತಳ್ಳಿದ. ಫೋನು ಬಳಸಿದವರ ತಪ್ಪಿನಿಂದ ಹಾಳಾಗಿದೆ ಎಂದು ಅದರಲ್ಲಿ ಅಚ್ಚಾಗಿತ್ತು. ಅವಳ ಶಾಲೆಯ ಕಾಲದಿಂದ ಅವಳ ಫಾರಮ್ಮುಗಳಿಗೆ ಸಹಿ ಹಾಕುತ್ತ ಬಂದವನು ನಾನೇ. ಇದಕ್ಕೂ ಹಾಕಿದೆ.

ಅವಳು ಫಾರಂ ಎಳೆದುಕೊಂಡು ಓದಿದಳು. ಕೆಳಗಿದ್ದ ಸಹಿ ನೋಡಿದಳು. ಆಮೇಲೆ ಕೌಂಟರಿಗೆ ಎಂಥ ಪೆಟ್ಟು ಕೊಟ್ಟಳೆಂದರೆ ಸರದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಫೋನಿನ ಹೊರಗಿನ ಪುಟ್ಟ ಪರದೆಯಿಂದ ವಿಡಿಯೋ ಕಾಲ್ ಮಾಡಿ, ಅದನ್ನು ಅರ್ಧ ಬಿಡಿಸಿ ಕೌಂಟರಿನ ಮೇಲೆ ನಿಲ್ಲಿಸಿದಳು. ಉಳಿದಿದ್ದ ಮೇಲಿನ ಅರ್ಧದಲ್ಲಿ ಅವಳ ಗೆಳತಿ ಕಾಣಿಸಿದಳು. ಅವಳಿಗೂ ಕಿವಿ ಕೇಳದು. ನಡೆದದ್ದನ್ನು ಸನ್ನೆ ಭಾಷೆಯಲ್ಲಿ ಅವಳಿಗೆ ಹೇಳಲು ತಂಗಿಯ ಎರಡೂ ಕೈ ಮೇಲೆದ್ದವು, ಬೆರಳುಗಳು ಜಗಳಕ್ಕಿಳಿದವು. ಹಳೆಯ ಫೋನಿನಲ್ಲಿ ಅವಳು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಲ್ಲಿ ಅರೆಬರೆ ಮಾತಾಡುತ್ತಿದ್ದಳು. ಡಬ್ಬಿಗೆ ಒರಗಿಸಿ ಇಟ್ಟರೆ ಅದು ಜಾರಿ ಬೀಳುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಅದನ್ನು ದಿನವೂ ನೋಡಿದ್ದೆ. ಈ ಫೋನು ತಾನೇ ನಿಲ್ಲುತ್ತದೆ, ಅವಳಿಗೆ ಎರಡೂ ಕೈ ಸಿಗುತ್ತವೆ. ಅದಕ್ಕೇ ಕೊಂಡದ್ದು! ಹನ್ನೊಂದು ತಿಂಗಳು ಗಂಟಲು ಹರಿದುಕೊಂಡವನಿಗೆ ಯಾಕೆ ಕೊಂಡೆ ಎಂದು ಒಂದು ಸಲವೂ ಕೇಳಬೇಕೆನಿಸಿರಲಿಲ್ಲ.

ತಂಗಿ ಗೋಡೆಯತ್ತ ಬೆರಳು ತೋರಿಸಿದಳು. ಅಲ್ಲಿ ಆಳೆತ್ತರದ ಜಾಹೀರಾತು. ಅದರಲ್ಲಿ ಇದೇ ಫೋನು, ಮೇಜಿನ ಮೇಲೆ ಹೀಗೇ ಅರ್ಧ ಮಡಚಿಕೊಂಡು ನಿಂತಿತ್ತು.

ನನಗೆ ಪಿತ್ತ ನೆತ್ತಿಗೇರಿತು. "ಏನಯ್ಯಾ, ನೀವು ನಿಲ್ಲಿಸಿದ್ರೆ ಜಾಹೀರಾತು, ಇವಳು ನಿಲ್ಲಿಸಿದ್ರೆ ರಫ್ ಯೂಸಾ? ನಿಲ್ಲಿಸಬಾರದು ಅಂದ್ರೆ ಮಡಚೋ ಹಾಗೆ ಯಾಕ್ರೀ ಮಾಡ್ತೀರಾ?"

"ಸರ್, ಸಹಿ ಹಾಕಿದ್ದು ನೀವೇ."

ಫಾರಂ ಕಿತ್ತುಕೊಳ್ಳಲು ಕೈ ಚಾಚಿದೆ. ತಂಗಿ ನನ್ನ ಎದೆಗೆ ಅಂಗೈ ಒತ್ತಿ ಹಿಂದಕ್ಕೆ ತಳ್ಳಿದಳು. ಚೀಟಿಯೊಂದರ ಮೇಲೆ ಬರೆದು ನನ್ನ ಮೂಗಿಗೆ ಹಿಡಿದಳು: "ಫೋನ್ ನನ್ನದು. ಸಹಿ ನನ್ನದಲ್ಲ. ನೀನು ಹೋಗಿ ಕೂತ್ಕೋ."

ಕೂತೆ. ಅವಳು ಮ್ಯಾನೇಜರನ್ನು ಕರೆಸಿದಳು. ಅವಳು ಬರೆದಳು, ಆತ ಬರೆದ. ಅವಳು ಗೋಡೆ ತೋರಿಸಿದಳು, ಮತ್ತೆ ಬರೆದಳು. ಪೆನ್ನು ಹಾಳೆಯನ್ನು ಹರಿಯುವಷ್ಟು ಒತ್ತುತ್ತಿತ್ತು. ಕಾಲು ಗಂಟೆಯಲ್ಲಿ ಆತ ನನ್ನ ಸಹಿಯಿದ್ದ ಫಾರಂ ಹರಿದು, ಹೊಸ ಪರದೆ ಉಚಿತವಾಗಿ ಹಾಕಿಕೊಡುವುದಾಗಿ ರಸೀದಿ ಬರೆದ.

ಅಷ್ಟು ಹೊತ್ತೂ ಗೆಳತಿ ಆ ಅರ್ಧ ಪರದೆಯಿಂದ ನನ್ನನ್ನೇ ನೋಡುತ್ತಿದ್ದಳು. ಕೈಯಲ್ಲಿ ಏನೋ ಕೇಳಿದಳು. ನಿಧಾನವಾಗಿ ಮತ್ತೊಮ್ಮೆ ಕೇಳಿದಳು. ತಂಗಿ ಹುಟ್ಟಿದ ಮೂವತ್ತನಾಲ್ಕು ವರ್ಷದಲ್ಲಿ ಅವಳ ಸನ್ನೆಗಳಲ್ಲಿ ನಾನು ಕಲಿತದ್ದು ಊಟ, ಬಾ, ಹೋಗು, ಸಾಕು. ಅವಳು ಕೇಳಿದ್ದರಲ್ಲಿ ಇವು ಯಾವುದೂ ಇರಲಿಲ್ಲ. ಪೆದ್ದನ ಹಾಗೆ ತಲೆಯಾಡಿಸಿದೆ.

ಬಾಗಿಲು ದಾಟಿದ ಮೇಲೆ, "ಅವಳು ನನ್ನನ್ನ ಏನು ಕೇಳಿದ್ಲು?" ಎಂದೆ.

ತಂಗಿ ನನ್ನ ತುಟಿ ನೋಡಿದಳು. ರಸೀದಿಯ ಹಿಂದೆ ಬರೆದಳು: "ನಿಮಗೆ ನಮ್ಮ ಮಾತು ಯಾಕೆ ಬರಲ್ಲ ಅಂತ."

ಪೆನ್ನನ್ನು ನನ್ನ ಕೈಗಿಟ್ಟು, ಉತ್ತರಕ್ಕೆ ಕಾಯುತ್ತ ನಿಂತಳು.